ಕಿವಿ ತೆರೆದಿದೆ ಅಂತ ಧೈರ್ಯ ಬೇಡ: ಬೋನ್ ಕಂಡಕ್ಷನ್ ಹೆಡ್‌ಫೋನ್ ಹಾಕ್ಕೊಳ್ಳೋದು ಹೇಗೆ

ಬೆಳಗ್ಗೆ ನಮ್ಮ ತುಮಕೂರು ಅಮಾನಿಕೆರೆ ಹತ್ರ ವಾಕ್ ಮಾಡ್ತಿದ್ರೆ ವಾರಕ್ಕೊಬ್ಬರಾದ್ರೂ ಕೇಳ್ತಾರೆ, ಏನ್ ಸಾರ್ ಹೆಡ್‌ಫೋನ್ ಕಿವಿಗೆ ಬಿಟ್ಟು ಕೆನ್ನೆಗೆ ಹಾಕ್ಕೊಂಡಿದೀರಲ್ಲ ಅಂತ. ನಿಂತು ಹೇಳೋಕೆ ಹೋದ್ರೆ ವಾಕ್ ಮುಗಿದ ಹಾಗೇನೇ, ಅದಕ್ಕೆ ಇಲ್ಲಿ ಬರೆದಿಡ್ತಿದೀನಿ.

ಮೊದಲು ಒಂದು ನಿಪ್ಪಟ್ಟು ತಗೊಳ್ಳಿ. ಎರಡೂ ಕಿವಿಗೆ ಬೆರಳು ಇಟ್ಟು ಕಟುಂ ಅಂತ ಕಡಿದು ಅಗೀರಿ. ಕಿವಿ ಮುಚ್ಚಿದ್ರೂ ತಲೆಯೊಳಗೆ ಜಲ್ಲಿ ಮೆಷಿನ್ ಓಡ್ತಿರೋ ಹಾಗೆ ಕೇಳಿಸುತ್ತಲ್ಲ, ಅದೇ ಬೋನ್ ಕಂಡಕ್ಷನ್. ಮಾಮೂಲಿ ಶಬ್ದ ಗಾಳಿಯಲ್ಲಿ ಬಂದು ಕಿವಿ ತಮಟೆ ಬಡಿದು, ಅದರ ಹಿಂದಿನ ಮೂರು ಪುಟಾಣಿ ಮೂಳೆ ಅಲ್ಲಾಡಿಸಿ ಒಳಕಿವಿಗೆ ಹೋಗುತ್ತೆ. ಇಲ್ಲಿ ಕೆನ್ನೆ ಮೇಲಿರೋ ಪ್ಯಾಡೇ ನಡುಗಿ ಮೂಳೆ ಮೂಲಕ ನೇರ ಒಳಕಿವಿ ಮುಟ್ಟುತ್ತೆ. ನಮ್ಮದೇ ವಾಯ್ಸ್ ರೆಕಾರ್ಡ್ ಕೇಳಿದಾಗ ಛೀ ಇದು ನನ್ನ ದನೀನಾ ಅನ್ಸೋದೂ ಇದಕ್ಕೇ, ದಿನಾ ನಾವು ಕೇಳೋ ನಮ್ಮ ದನಿಯಲ್ಲಿ ಮೂಳೆ ಪಾಲು ಇರುತ್ತೆ, ರೆಕಾರ್ಡಿಂಗಲ್ಲಿ ಅದು ಇರಲ್ಲ. ಹೊಸ ವಿದ್ಯೆ ಏನಲ್ಲ ಇದು, ಇಎನ್‌ಟಿ ಡಾಕ್ಟ್ರು ಟ್ಯೂನಿಂಗ್ ಫೋರ್ಕ್ ಬಡಿದು ಕಿವಿ ಹಿಂದಿನ ಮೂಳೆಗೆ ಒತ್ತಿ ಕೇಳ್ತದಾ ಅಂತ ಕೇಳ್ತಾರಲ್ಲ, ಆ ರಿನ್ನೆ ಟೆಸ್ಟ್ 1855ರಿಂದ ಇದೆ.

ಈಗ ಜನ ಎಡವೋ ಜಾಗಕ್ಕೆ ಬರ್ತೀನಿ. ಕಿವಿಯೊಳಗೆ ಏನೂ ತುರುಕಲ್ಲ, ಅದಕ್ಕೆ ಕಿವಿಗೆ ಏನೂ ಆಗಲ್ಲ ಅಂತ ಅಂಗಡಿಯವರೂ ಹೇಳ್ತಾರೆ, ನಾನೂ ನಂಬಿದ್ದೆ. ಅರ್ಧ ಸತ್ಯ ಅಷ್ಟೇ. ತಮಟೆಗೆ ಸುತ್ತು ಹಾಕಿ ಹೋಗುತ್ತೆ ನಿಜ, ಆದ್ರೆ ಹೋಗಿ ಮುಟ್ಟೋ ಕಾಕ್ಲಿಯಾ, ಅಂದ್ರೆ ಒಳಕಿವಿಯಲ್ಲಿ ಶಬ್ದ ಹಿಡಿಯೋ ಭಾಗ, ಅದೇ ತಾನೇ? ಬಸವನಹುಳುವಿನ ಚಿಪ್ಪಿನ ಥರ ಸುತ್ಕೊಂಡಿರೋ ಅದರಲ್ಲಿ ನಡುಕವನ್ನ ಹಿಡಿದು ಮಿದುಳಿಗೆ ತಿಳಿಸೋ ಸುಮಾರು 15 ಸಾವಿರ ಕೂದಲು ಕೋಶ (ಹೇರ್ ಸೆಲ್) ಇರ್ತಾವೆ, ಸತ್ತರೆ ಮತ್ತೆ ಹುಟ್ಟಲ್ಲ. ದಾರಿ ಯಾವುದಾದ್ರೇನು, ಜೋರು ಜೋರೇ. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ 80 ಡೆಸಿಬಲ್ ಆದ್ರೆ ವಾರಕ್ಕೆ 40 ಗಂಟೆ ಕೇಳಬಹುದು, 90 ಆದ್ರೆ ಬರೀ 4 ಗಂಟೆ. ಹತ್ತೇ ಡೆಸಿಬಲ್ ಏರಿದ್ರೆ ಟೈಮು ಹತ್ತನೇ ಒಂದು ಪಾಲಿಗೆ ಬಂತು ನೋಡಿ.

ಮತ್ತೆ ಇದರಲ್ಲಿ ಜೋರು ಮಾಡೋ ಆಸೆ ಜಾಸ್ತಿ, ಯಾಕಂದ್ರೆ ಕಿವಿ ತೆರೆದಿರುತ್ತೆ, ಬಿ.ಎಚ್. ರೋಡಿನ ಗದ್ದಲ ಪೂರ್ತಿ ಒಳಗೆ ಬರುತ್ತೆ, ಅದನ್ನ ಮೀರಿಸೋಕೆ ಬಟನ್ ಒತ್ತುತಾ ಒತ್ತುತಾ ಫುಲ್‌ಗೆ ಹೋಗ್ತೀವಿ. ನಾನು ಮಾಡ್ಕೊಂಡಿರೋ ರೂಲು ಏನಂದ್ರೆ ಮನೇಲಿ, ಫ್ಯಾನ್ ಆಫ್ ಮಾಡಿ ವಾಲ್ಯೂಮ್ ಸೆಟ್ ಮಾಡ್ಕೋತೀನಿ, ರೋಡಲ್ಲಿ ಕೇಳಿಸಲಿಲ್ಲ ಅಂದ್ರೆ ಏರಿಸಲ್ಲ, ಆಫ್ ಮಾಡ್ತೀನಿ. ಒಂದು ಕೈ ದೂರದಲ್ಲಿರೋರು ಮಾಮೂಲಿ ದನಿಯಲ್ಲಿ ಮಾತಾಡಿದ್ದು ಅರ್ಥ ಆಗಬೇಕು. ಕೆನ್ನೆ ಮೇಲೆ ಇರುವೆ ಹರಿದ ಹಾಗೆ ಜುಮ್ ಅಂದ್ರೆ ಬಾಸ್ ಅಥವಾ ವಾಲ್ಯೂಮ್ ಜಾಸ್ತಿ ಆಗಿದೆ ಅಂತ. ತೆಗೆದ ಮೇಲೂ ಕಿವೀಲಿ ಗುಯ್ ಅಂತಿದ್ರೆ ಅವತ್ತಿಗೆ ಸಾಕು.

ಹಾಕೋದು ಸುಲಭ. ಕಿವಿ ತೂತಿನ ಮುಂದೆ ಒಂದು ಚಿಕ್ಕ ಉಬ್ಬು ಥರ ಇರುತ್ತಲ್ಲ, ಅದರ ಮುಂದಿನ ಗಟ್ಟಿ ಮೂಳೆ ಮೇಲೆ ಪ್ಯಾಡ್ ಕೂರಬೇಕು, ತೂತಿನ ಮೇಲಲ್ಲ. ಕೂದಲು ಮಧ್ಯೆ ಸಿಗಬಾರದು. ಕನ್ನಡಕದವರು ಮೊದಲು ಹೆಡ್‌ಫೋನ್ ಹಾಕಿ ಆಮೇಲೆ ಕನ್ನಡಕ ಹಾಕಿ ನೋಡಿ, ಉಲ್ಟಾ ಮಾಡಿದ್ರೆ ನನಗೆ ಕಿವಿ ಹಿಂದೆ ಉರೀತಿತ್ತು. ಬೈಕ್ ಹೆಲ್ಮೆಟ್ ಒಳಗೆ ಮಾತ್ರ ಬೇಡ್ವೇ ಬೇಡ, ಒತ್ತಿ ಒತ್ತಿ ತಲೆನೋವು, ಗಮನಾನೂ ಹೋಗುತ್ತೆ.

ಗಮನದ ವಿಷಯಕ್ಕೆ ಒಂದು ಕಥೆ. ದೇವರಾಯನದುರ್ಗದ ಕಡೆ ಸೈಕಲ್ಲಲ್ಲಿ ಹೋಗ್ತಿದ್ದೆ, ಏನೋ ಭಾರಿ ಇಂಟರೆಸ್ಟಿಂಗ್ ಮಾತು ಕೇಳ್ತಾ. ಹಿಂದೆ ಟ್ರ್ಯಾಕ್ಟರ್ ಬಂದಿದ್ದು ಕೇಳಿಸ್ತು, ಕೇಳಿಸ್ತು ಅಂತ ಗೊತ್ತೂ ಆಯ್ತು, ಆದ್ರೆ ಎಡಕ್ಕೆ ಸರೀಬೇಕು ಅನ್ನೋದು ತಲೆಗೆ ಬಂದಿದ್ದು ಡ್ರೈವರಣ್ಣ ಕೂಗಿದ ಮೇಲೆ. ಕಿವಿ ತೆರೆದಿತ್ತು, ಬುದ್ಧಿ ಬೇರೆ ಕಡೆ ಇತ್ತು. ಅವತ್ತಿಂದ ತಿರುವು, ಕ್ರಾಸು, ರೈಲ್ವೆ ಗೇಟು ಬಂದ್ರೆ ಪಾಜ್ ಬಟನ್ ಒತ್ತೋದೇ. ಎಲೆಕ್ಟ್ರಿಕ್ ಸ್ಕೂಟರ್‌ಗಂತೂ ಕಿವಿ ತೆರೆದಿದ್ರೂ ಪ್ರಯೋಜನ ಕಮ್ಮಿ, ಸದ್ದೇ ಮಾಡಲ್ಲ ಅವು, ತಿರುಗಿ ನೋಡಲೇಬೇಕು.

ತಗೊಳ್ಳೋರಿಗೆ ಒಂದು ಟ್ರಿಕ್. ಕಿವಿ ಪಕ್ಕದಲ್ಲಿ ಸಣ್ಣ ಸ್ಪೀಕರ್ ಇಟ್ಟು ಬೋನ್ ಕಂಡಕ್ಷನ್ ಅಂತ ಮಾರೋ ಅಗ್ಗದ ಮಾಲು ಬೇಕಾದಷ್ಟಿದೆ. ಹಾಡು ಹಾಕಿ ಎರಡೂ ಕಿವಿಗೆ ಬೆರಳಿಡಿ. ಬಾಸ್ ದಪ್ಪಗಾಗಿ ಸೌಂಡ್ ಇನ್ನೂ ತುಂಬಿ ಬಂದ್ರೆ ಅಸಲಿ, ಸಣ್ಣಗಾದ್ರೆ ಅದು ಬರೀ ಸ್ಪೀಕರು. ಇದೇ ಕಾರಣಕ್ಕೆ ಬೆಂಗಳೂರು ಬಸ್ಸಲ್ಲಿ ಕೂತಾಗ ಫೋಮ್ ಇಯರ್‌ಪ್ಲಗ್ ಹಾಕ್ಕೊಂಡು ಕಮ್ಮಿ ವಾಲ್ಯೂಮಲ್ಲೇ ಚೆನ್ನಾಗಿ ಕೇಳಬಹುದು, ಸೀಟಲ್ಲಿ ಕೂತಿದ್ದಾಗ ಮಾತ್ರ.

ತಮಟೆಯಲ್ಲಿ ತೂತು ಇರೋರಿಗೆ, ಕಿವಿ ಸೋರೋರಿಗೆ ಇದು ಇಯರ್‌ಫೋನ್‌ಗಿಂತ ವಾಸಿ ಅನ್ಸಬಹುದು, ಆದ್ರೆ ಒಳಕಿವೀನೇ ಸೋತಿದ್ರೆ ಮೂಳೆ ದಾರಿನೂ ಅಲ್ಲಿಗೇ ಹೋಗೋದಲ್ವಾ, ಹಿಯರಿಂಗ್ ಏಡ್ ಬದಲಿಗೆ ಇದನ್ನ ಅಜ್ಜನಿಗೆ ಕೊಡಿಸಬೇಡಿ. ಪೇಸ್‌ಮೇಕರ್, ಕಾಕ್ಲಿಯರ್ ಇಂಪ್ಲಾಂಟ್ (ಕೇಳಿಸೋಕೆ ಆಪರೇಷನ್ ಮಾಡಿ ಒಳಕಿವಿಗೆ ಕೂರಿಸೋ ಸಾಧನ) ಇದ್ರೆ, ಈ ಹೆಡ್‌ಫೋನ್ ಒಳಗೆ ಮ್ಯಾಗ್ನೆಟ್ ಇರೋದ್ರಿಂದ ಡಾಕ್ಟ್ರನ್ನ ಕೇಳದೆ ಮುಟ್ಟಬೇಡಿ.

ನೀರಿನ ವಿಷಯ: ಡಬ್ಬಿ ಮೇಲೆ ನೀರು-ಧೂಳು ತಡೆಯೋ ಗುರುತು ಐಪಿ 67 ಅಂತಿದ್ರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ತಡೆಯುತ್ತೆ, ಆದ್ರೆ ನೀರೊಳಗೆ ಬ್ಲೂಟೂತ್ ಓಡಲ್ಲ, ಈಜೋರು ಹಾಡು ಒಳಗೇ ತುಂಬ್ಕೊಳ್ಳೋ ಮಾಡೆಲ್ ತಗೋಬೇಕು. ನನ್ನ ಮೊದಲನೇ ಸೆಟ್ ಸತ್ತಿದ್ದು ಮಳೆಗಲ್ಲ, ಬೆವರಿಗೆ. ವಾಕ್ ಮುಗಿಸಿ ಬಂದು ಒದ್ದೆ ಒದ್ದೆನೇ ಚಾರ್ಜಿಗೆ ಹಾಕ್ತಿದ್ದೆ, ಆರು ತಿಂಗಳಿಗೆ ಚಾರ್ಜಿಂಗ್ ಪಿನ್ ಹಸಿರು ತಿರುಗಿ ಪುಡಿಪುಡಿ ಆಯ್ತು. ಈಗ ಒದ್ದೆ ಬಟ್ಟೇಲಿ ಒರೆಸಿ, ಒಣ ಬಟ್ಟೇಲಿ ಇನ್ನೊಂದ್ಸಲ ಒರೆಸಿ, ಕಾಫಿ ಕುಡಿದು ಪೇಪರ್ ಓದೋವರೆಗೂ ಕಿಟಕಿ ಹತ್ರ ನೇತು ಹಾಕಿ ಆಮೇಲೇ ಚಾರ್ಜಿಗೆ.