ಫೋಮ್ ಇಂಪ್ಲಾಂಟ್ ಒಂದ್ಸಲ ಅಂಟಿದ್ರೆ ಮುಗೀತು

ಮೊದಲನೇ ಸಲ ಪೇಷೆಂಟ್ ಒಬ್ಬರಿಗೆ ಪಾಲಿಯುರೆಥೇನ್ ಫೋಮ್ ಹೊದಿಕೆ ಇರೋ ಬ್ರೆಸ್ಟ್ ಇಂಪ್ಲಾಂಟ್ ಹಾಕಿದಾಗ, ನುಣುಪು ಇಂಪ್ಲಾಂಟ್ ತರಾನೇ ಒಳಗೆ ತಳ್ಳಿ ಆಮೇಲೆ ಬೆರಳಲ್ಲಿ ಸರಿ ಮಾಡ್ಕೊಂಡ್ರಾಯ್ತು ಅಂದ್ಕೊಂಡಿದ್ದೆ, ಅದು ನೋಡಿದ್ರೆ ಉತ್ತರಾಣಿ ಬೀಜ ಬಟ್ಟೆಗೆ ಹತ್ಕೊಂಡ ಹಾಗೆ ಹಿಡ್ಕೊಂಡು ಕೂತ್ಬಿಡ್ತು. ಕೆಳಗಿನ ಅಂಚು ಮಡಚ್ಕೊಂಡಿತ್ತು. ಬಿಡಿಸಿ ಹೊರಗೆ ತೆಗೆದು ಮತ್ತೆ ಹಾಕೋಷ್ಟರಲ್ಲಿ ಬೆವರು ಇಳೀತು.

ಆದ್ರೆ ಇದನ್ನ ಹಾಕೋದೇ ಆ ಅಂಟೋ ಗುಣಕ್ಕೆ. ಯಾವ ಇಂಪ್ಲಾಂಟ್ ಹಾಕಿದ್ರೂ ದೇಹ ಸುತ್ತಲೂ ಒಂದು ನಾರಿನ ಪೊರೆ ಕಟ್ಟುತ್ತೆ, ಮೇಲ್ಮೈ ನುಣುಪಾಗಿದ್ರೆ ನಾರೆಲ್ಲ ಒಂದೇ ದಿಕ್ಕಿಗೆ ಸಾಲಾಗಿ ನಿಂತು ಹಿಂಡೋಕೆ ಶುರು ಮಾಡ್ಬಹುದು, ಅದೇ ಕ್ಯಾಪ್ಸುಲರ್ ಕಾಂಟ್ರಾಕ್ಚರ್. ಅದೆಷ್ಟು ಜೋರು ಅಂತ ಅಳೆಯೋ ಬೇಕರ್ ಅಳತೇಲಿ ಗ್ರೇಡ್ 3 ಅಂದ್ರೆ ಗಟ್ಟಿ, ಆಕಾರ ಕೆಟ್ಟಿದ್ದು ಕಣ್ಣಿಗೇ ಕಾಣುತ್ತೆ, 4ಕ್ಕೆ ನೋವೂ ಸೇರುತ್ತೆ. ಫೋಮ್ ರಂಧ್ರದೊಳಗೆ ಟಿಶ್ಯೂ ಬೆಳೆದಾಗ ನಾರುಗಳು ದಿಕ್ಕಾಪಾಲು, ಹಿಂಡೋ ಬಲ ಒಟ್ಟಾಗಲ್ಲ. ನುಣುಪು ಹಾಕಿ ಗಟ್ಟಿಯಾಗಿ ವಾಪಸ್ ಬಂದವರಿಗೆ ಫೋಮ್ ಹಾಕಿದ ಮೇಲೆ ಕೈಗೇ ವ್ಯತ್ಯಾಸ ಗೊತ್ತಾಗಿದೆ.

ಈಗ ಕಟ್ ಸ್ವಲ್ಪ ಉದ್ದ ಇಡ್ತೀನಿ. ಇಂಪ್ಲಾಂಟ್ ಕೂರೋ ಜಾಗ, ಅಂದ್ರೆ ಪಾಕೆಟ್, ಪೂರ್ತಿ ಬಿಡಿಸಿ ಸೈಜರ್ (ಅಳತೆ ನೋಡೋ ತಾತ್ಕಾಲಿಕ ಇಂಪ್ಲಾಂಟ್) ಇಟ್ಟು ಎರಡೂ ಕಡೆ ನೋಡಿ, ಇಂಪ್ಲಾಂಟನ್ನ ಪ್ಲಾಸ್ಟಿಕ್ ಸ್ಲೀವ್ ಒಳಗಿಂದ ಜಾರಿಸಿ, ಅಂಚು ಕೂತ ಮೇಲೇ ಸ್ಲೀವ್ ಎಳೀತೀನಿ. ನುಣುಪಿಂದು ತಿಂಗಳು ಕಳೆದ ಹಾಗೆ ಕೆಳಗಿಳಿದು ಸೆಟ್ ಆಗುತ್ತೆ, ಇದು ಹಾಗಲ್ಲ, ಟೇಬಲ್ ಮೇಲೆ ಎಲ್ಲಿಟ್ರೋ ಅಲ್ಲೇ.

ಕೆಲವರಿಗೆ ಶುರುವಲ್ಲಿ ಚರ್ಮ ಕೆಂಪಾಗಿ ಕಡಿತ ಬರುತ್ತೆ, ಇನ್ಫೆಕ್ಷನ್ ಅಂತ ಒಬ್ಬರಿಗೆ ಸುಮ್ನೆ ಆಂಟಿಬಯೋಟಿಕ್ ಕೊಟ್ಟೆ, ತಾನಾಗೇ ಹೋಗ್ತಿತ್ತು. ಫೋಮ್ ಒಡೆದಾಗ ಬರೋ ಟಿಡಿಎ ಅನ್ನೋ ಕೆಮಿಕಲ್‌ನಿಂದ ಕ್ಯಾನ್ಸರ್ ಬರಬಹುದು ಅನ್ನೋ ಭಯಕ್ಕೆ 1991ರಲ್ಲಿ ಅಮೆರಿಕದಲ್ಲಿ ಮಾರಾಟ ನಿಂತಿತ್ತು, ಆ ಅಪಾಯ ತೀರಾ ಕಮ್ಮಿ ಅಂತ ಆಮೇಲೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎನೇ ಹೇಳ್ತು, ಆದ್ರೂ ಪೇಷೆಂಟ್ ಕೇಳೇ ಕೇಳ್ತಾರೆ. ನನಗೆ ಅದಕ್ಕಿಂತ ಎಚ್ಚರ ಇಂಪ್ಲಾಂಟ್ ಸುತ್ತ ಬರೋ ಬಿಐಎ-ಎಎಲ್‌ಸಿಎಲ್ ಅನ್ನೋ ಲಿಂಫೋಮಾ (ಒಂದು ಬಗೆ ಕ್ಯಾನ್ಸರ್) ಬಗ್ಗೆ, ಅಪರೂಪ ನಿಜ, ಫೋಮ್ ಹಾಕಿದವರಲ್ಲೂ ವರದಿಯಾಗಿದೆ. ವರ್ಷಗಳಾದ ಮೇಲೆ ಒಂದು ಕಡೆ ಊದ್ಕೊಂಡು ಬಂದ್ರೆ ನೀರು ತೆಗೆದು ಈ ಲಿಂಫೋಮಾ ಪತ್ತೆಗೆ ಮಾಡೋ ಸಿಡಿ30 ಟೆಸ್ಟ್‌ಗೆ ಕಳಿಸ್ತೀನಿ, ಕಾಯೋದಿಲ್ಲ.

ನಿಜವಾದ ಕಷ್ಟ ತೆಗೆಯುವಾಗ. ವರ್ಷ ಕಳೆದ ಹಾಗೆ ಫೋಮ್ ಇಂಪ್ಲಾಂಟಿನ ಹೊರಕವಚ ಬಿಟ್ಟು ಪೊರೆಯಲ್ಲೇ ಉಳ್ಕೊಳ್ಳುತ್ತೆ, ಪೊರೆ ಪಕ್ಕೆಲುಬಿಗೆ ಅಂಟಿರುತ್ತೆ, ಒಂದು ಕೇಸಲ್ಲಿ ಹಾಕಿದ್ದಕ್ಕಿಂತ ಎರಡು ಪಟ್ಟು ಹೊತ್ತು ಹಿಡೀತು. ಈಗ ತೆಗೆಯೋ ಆಪರೇಷನ್ ಕತೆ ಮೊದಲೇ ಹೇಳ್ತೀನಿ, ಕೇಳಿ ಇಬ್ಬರು ನುಣುಪಿಂದೇ ಸಾಕು ಡಾಕ್ಟ್ರೇ ಅಂದ್ರು, ಅದನ್ನೇ ಹಾಕಿದೆ.