ಗಾಳಿಗೆ ಹಾರಿದ ತಗಡು, ವಿಮೆಯ ಕ್ಲೇಮು: ನನ್ನ ಅನುಭವ

ಕಳೆದ ವರ್ಷ ಮೇ ತಿಂಗಳ ಒಂದು ಸಂಜೆ, ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿರುವ ನಮ್ಮ ಮನೆಯ ಹಿಂಭಾಗದ ಚಾವಣಿಯನ್ನು ಬಿರುಗಾಳಿ ಕಿತ್ತೊಯ್ದಿತು. ಮುಂದಿನ ಎರಡು ಕೋಣೆಗಳಿಗೆ ಆರ್‌ಸಿಸಿ ಇದೆ. ಹಿಂದಿನ ಪಡಸಾಲೆಗೂ ಅಡುಗೆಮನೆಗೂ ಕಬ್ಬಿಣದ ಪೈಪುಗಳ ಮೇಲೆ ತಗಡು ಹೊದಿಸಿದ್ದೆವು. ಹದಿನಾಲ್ಕು ತಗಡುಗಳಲ್ಲಿ ಒಂಬತ್ತು ಹಾರಿಹೋದವು, ಅವುಗಳಲ್ಲಿ ಎರಡು ಪಕ್ಕದ ಮನೆಯ ಬೇವಿನ ಮರಕ್ಕೆ ಸಿಕ್ಕಿಕೊಂಡವು. ಆರ್‌ಸಿಸಿ ಮೇಲಿದ್ದ ಸೋಲಾರ್ ಹೀಟರಿನ ಗಾಜಿನ ಕೊಳವೆಗಳು ಆಲಿಕಲ್ಲಿಗೆ ಒಡೆದವು. ಅಡುಗೆಮನೆಯಲ್ಲಿದ್ದ ನನ್ನ ತಾಯಿಗೆ ಪೆಟ್ಟಾಗಲಿಲ್ಲ ಎಂಬುದೊಂದೇ ಆ ಹೊತ್ತಿನ ಸಮಾಧಾನ.

ಮಳೆ ನಿಂತೊಡನೆ ಬಂದ ನೆರೆಮನೆಯ ಹಿರಿಯರು, "ಮಾಸ್ತರ್ರ, ಮೊದಲ ತಗಡ ಹೊದಿಸ್ರಿ, ಕಾಗದಪತ್ರ ಆಮ್ಯಾಲ ನೋಡಿದ್ರಾತು" ಎಂದರು. ಅವರ ಕಾಳಜಿ ಸಹಜವಾದದ್ದೇ. ಆದರೆ ಆ ಮಾತಿನಂತೆ ಮರುದಿನವೇ ಹೊಸ ತಗಡು ಹೊದಿಸಿದ್ದರೆ ನನ್ನ ಕ್ಲೇಮು ಅಲ್ಲಿಗೇ ಮುಗಿಯುತ್ತಿತ್ತು ಎಂಬುದು ಈಗ ನನಗೆ ಖಚಿತವಾಗಿದೆ. ಗಾಳಿಯೇ ಹಾನಿ ಮಾಡಿತು ಎಂಬುದಕ್ಕೆ ಸಾಕ್ಷಿ ಇರುವುದು ಮುರಿದ ಚಾವಣಿಯಲ್ಲಿ, ಅದೂ ಮೊದಲ ಒಂದೆರಡು ದಿನ ಮಾತ್ರ.

ಅಂದು ರಾತ್ರಿ ಮನೆಯಲ್ಲಿ ವಿಮೆಯ ಕಾಗದವೇ ಸಿಗಲಿಲ್ಲ. ಗೃಹಸಾಲ ಪಡೆಯುವಾಗ ಬ್ಯಾಂಕು ಸಾಲದ ಮೊತ್ತದಲ್ಲೇ ವಿಮೆಯ ಕಂತನ್ನೂ ಸೇರಿಸಿದ್ದು ಮಂಜಾಗಿ ನೆನಪಿತ್ತು. ಬೆಳಿಗ್ಗೆ ಶಾಖೆಗೆ ಹೋಗಿ ಸಾಲದ ಕಡತ ತೆಗೆಸಿದಾಗ ಅದರಲ್ಲಿ ಭಾರತ್ ಗೃಹ ರಕ್ಷಾ ಪಾಲಿಸಿಯ ಪ್ರತಿ ಸಿಕ್ಕಿತು. ವಿಮಾ ನಿಯಂತ್ರಣ ಪ್ರಾಧಿಕಾರವು 2021ರ ಏಪ್ರಿಲ್ 1ರಿಂದ ಜಾರಿಗೆ ತಂದ ಈ ಪಾಲಿಸಿಯ ಮೂಲ ಷರತ್ತುಗಳು ಎಲ್ಲ ಕಂಪನಿಗಳಲ್ಲೂ ಒಂದೇ ಆಗಿವೆ. ಬೆಂಕಿ, ಸಿಡಿಲು, ಭೂಕಂಪ, ಪ್ರವಾಹಗಳ ಜೊತೆಗೆ ಬಿರುಗಾಳಿಯೂ ಅದರಲ್ಲಿ ಸೇರಿದೆ. ಕಟ್ಟಡ ಎಂಬುದರಲ್ಲಿ ಕಾಂಪೌಂಡು ಗೋಡೆ, ನೀರಿನ ಟ್ಯಾಂಕು, ಸೋಲಾರ್ ಫಲಕಗಳೂ ಬರುತ್ತವೆ ಎಂದು ಓದಿದ ಮೇಲೆಯೇ ಹೀಟರನ್ನೂ ಕ್ಲೇಮಿಗೆ ಸೇರಿಸಬೇಕೆಂದು ನನಗೆ ಹೊಳೆದದ್ದು. ಕಂಪನಿಯ ಉಚಿತ ಸಂಖ್ಯೆಗೆ ಕರೆ ಮಾಡಿ ಕ್ಲೇಮು ಸಂಖ್ಯೆ ಪಡೆದೆ. ಅದೇ ವಿಷಯವನ್ನು ಇಮೇಲಿನಲ್ಲೂ ಬರೆದು, ಬ್ಯಾಂಕಿಗೆ ಒಂದು ಪ್ರತಿ ಕಳಿಸಿದೆ. ಕರೆಯಲ್ಲಿ ಆಡಿದ ಮಾತಿಗೆ ನಮ್ಮ ಕೈಯಲ್ಲಿ ದಾಖಲೆ ಉಳಿಯುವುದಿಲ್ಲವಾದ್ದರಿಂದ ಬರೆದು ತಿಳಿಸುವುದು ಅಗತ್ಯ.

ಬ್ಯಾಂಕಿಗೆ ಹೋಗುವ ಮುನ್ನವೇ, ಬೆಳಕು ಹರಿಯುತ್ತಿದ್ದಂತೆ ಏಣಿ ಹಾಕಿಕೊಂಡು ಚಾವಣಿಯ ಫೋಟೋ ತೆಗೆದಿದ್ದೆ. ಮೊದಲು ನಾಲ್ಕೂ ದಿಕ್ಕಿನಿಂದ ಇಡೀ ಮನೆ, ಆಮೇಲೆ ಒಂದೊಂದೇ ತಗಡು, ಕೊನೆಗೆ ತಗಡನ್ನು ಪೈಪಿಗೆ ಬಿಗಿಯುವ ಹುಕ್ ಬೋಲ್ಟಿನ ಒಂದೊಂದೇ ತೂತು. ತೂತುಗಳನ್ನು ಅಷ್ಟು ಹತ್ತಿರದಿಂದ ತೆಗೆಯಲು ಕಾರಣ ನನ್ನ ಬುದ್ಧಿಯಲ್ಲ, ನಮ್ಮ ವೆಲ್ಡಿಂಗ್ ಕೆಲಸದವರ ಸಲಹೆ. ಹಳೆಯ ತುಕ್ಕಿನಿಂದ ಸಡಿಲವಾದ ತೂತಿನ ಅಂಚು ಕಂದಾಗಿ ಪುಡಿಪುಡಿಯಾಗಿರುತ್ತದೆ. ಗಾಳಿ ಜಗ್ಗಿ ಹರಿದ ತೂತು ಒಂದು ಕಡೆಗೆ ಉದ್ದವಾಗಿ, ಹರಿದ ಅಂಚಿನಲ್ಲಿ ಲೋಹ ಹೊಳೆಯುತ್ತಿರುತ್ತದೆ, ಮತ್ತು ನಾಲ್ಕು ದಿನ ಮಳೆ ಬಿದ್ದರೆ ಆ ಹೊಳಪು ಮಾಸಿ ಎರಡರ ನಡುವಿನ ವ್ಯತ್ಯಾಸ ಕಾಣದಾಗುತ್ತದೆ ಎಂದು ಅವರು ಹೇಳಿದ್ದರು. ಹಾರಿದ ತಗಡುಗಳನ್ನು ಗುಜರಿಗೆ ಹಾಕದೆ ಹಿತ್ತಲಿನಲ್ಲಿ ಜೋಡಿಸಿಟ್ಟೆ. ಚಾವಣಿಗೆ ತಾತ್ಕಾಲಿಕವಾಗಿ ತಾಡಪತ್ರಿ ಕಟ್ಟಿಸಿ ಅದರ ರಸೀದಿ ಇಟ್ಟುಕೊಂಡೆ. ಹಾನಿ ಹೆಚ್ಚದಂತೆ ಹೀಗೆ ಮುಚ್ಚಿಡುವುದು ವಿಮೆ ಮಾಡಿಸಿದವರ ಕರ್ತವ್ಯವೂ ಹೌದು. ಪೂರ್ತಿ ದುರಸ್ತಿ ಮಾತ್ರ ಕಂಪನಿಯ ಪರಿಶೀಲನೆ ಮುಗಿಯುವ ತನಕ ಕಾಯಬೇಕು.

ಗ್ರಾಮ ಆಡಳಿತ ಅಧಿಕಾರಿ ಅದೇ ದಿನ ಬಂದು ಪಂಚನಾಮೆ ಮಾಡಿದರು. ಅದು ಸರ್ಕಾರಿ ಪರಿಹಾರಕ್ಕಾಗಿ ಮಾಡುವ ಕೆಲಸವಾದರೂ ಅದರ ಒಂದು ಪ್ರತಿಯನ್ನು ಕೇಳಿ ಪಡೆದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಹೋಬಳಿಗೊಂದರಂತೆ ಹವಾಮಾನ ಮಾಪನ ಕೇಂದ್ರಗಳನ್ನು ಇರಿಸಿದ್ದು, ಅವು ಮಳೆಯ ಜೊತೆಗೆ ಗಾಳಿಯ ವೇಗವನ್ನೂ ದಾಖಲಿಸುತ್ತವೆ; ನಮ್ಮ ಹೋಬಳಿಯ ಆ ಸಂಜೆಯ ದಾಖಲೆಯನ್ನೂ, ಮರುದಿನದ ಪತ್ರಿಕೆಯ ಸುದ್ದಿಯ ತುಣುಕನ್ನೂ ಕಡತಕ್ಕೆ ಸೇರಿಸಿದೆ. ಉಳಿದ ಕಾಗದಗಳು ಎಲ್ಲರಿಗೂ ಗೊತ್ತಿರುವಂಥವೇ: ತುಂಬಿದ ಕ್ಲೇಮು ಅರ್ಜಿ, ಮನೆ ತೆರಿಗೆಯ ರಸೀದಿ, ಗುರುತಿನ ಚೀಟಿ, ರದ್ದುಪಡಿಸಿದ ಚೆಕ್ಕು, ದುರಸ್ತಿಯ ಅಂದಾಜು ಪಟ್ಟಿ. ಅಂದಾಜು ಪಟ್ಟಿಯಲ್ಲಿ 'ಚಾವಣಿ ಕೆಲಸ' ಎಂದು ಒಂದೇ ಮೊತ್ತ ಬರೆಸದೆ, ತಗಡಿನ ಉದ್ದ ಮತ್ತು ದಪ್ಪ, ಪೈಪಿನ ತೂಕ, ಬೋಲ್ಟುಗಳ ಸಂಖ್ಯೆ, ಕೂಲಿ ಇವೆಲ್ಲವನ್ನೂ ಬೇರೆಬೇರೆಯಾಗಿ ಬರೆಸಿದ್ದು ಮುಂದೆ ಬಹಳ ಉಪಯೋಗಕ್ಕೆ ಬಂತು.

ಮೂರನೆಯ ದಿನ ಸರ್ವೇಯರ್, ಅಂದರೆ ಹಾನಿಯನ್ನು ಅಂದಾಜು ಮಾಡಲು ವಿಮಾ ಕಂಪನಿ ನೇಮಿಸಿದವರು, ಬಂದರು. ಸಮಾಧಾನದಿಂದ ಅಳತೆ ಮಾಡಿದರು, ಆದರೆ ಉಳಿದುಕೊಂಡಿದ್ದ ಐದು ತಗಡುಗಳ ತುಕ್ಕನ್ನು ತೋರಿಸಿ, ಇದು ಸವೆತವಾದ್ದರಿಂದ ವಿಮೆಗೆ ಬರುವುದಿಲ್ಲ ಎಂದರು. ಅವುಗಳಲ್ಲಿ ಎರಡರ ವಿಷಯದಲ್ಲಿ ಅವರ ಮಾತು ನಿಜವಾಗಿತ್ತು, ನಾನು ಒಪ್ಪಿಕೊಂಡೆ. ಇನ್ನು ಮೂರು ತಗಡುಗಳು ಪಕ್ಕದ ತಗಡು ಏಳುವಾಗ ಅದರೊಂದಿಗೆ ಜಗ್ಗಿ ಮಡಚಿಕೊಂಡಿದ್ದವು. ಗಾಳಿ ಚಾವಣಿಯನ್ನು ಮೇಲಿನಿಂದ ಒತ್ತುವುದಕ್ಕಿಂತ ಹೆಚ್ಚಾಗಿ ಮೇಲಕ್ಕೆ ಹೀರುತ್ತದೆ, ಆ ಸೆಳೆತ ಅಂಚುಗಳಲ್ಲೇ ಹೆಚ್ಚು. ನಮ್ಮ ಪಡಸಾಲೆ ಒಂದು ಕಡೆ ತೆರೆದಿರುವುದರಿಂದ ಒಳಹೊಕ್ಕ ಗಾಳಿ ಕೆಳಗಿನಿಂದಲೂ ನೂಕಿತ್ತು. ಅಂಚಿನ ಪೈಪು ಮೇಲ್ಮುಖವಾಗಿ ಬಾಗಿದ್ದನ್ನೂ, ಆ ಮೂರರ ತೂತುಗಳ ಹೊಳೆಯುವ ಅಂಚನ್ನೂ ಮೊದಲ ಬೆಳಗಿನ ಫೋಟೋಗಳಲ್ಲಿ ತೋರಿಸಿದೆ. ಅವರು ಏನೂ ಹೇಳದೆ ಬರೆದುಕೊಂಡು ಹೋದರು.

ಆಮೇಲೆ ಒಂದು ತಿಂಗಳು ಕಂಪನಿಯಿಂದ ಯಾವ ಸುದ್ದಿಯೂ ಇರಲಿಲ್ಲ. ಪ್ರಾಧಿಕಾರದ 2024ರ ಸುತ್ತೋಲೆಯ ಪ್ರಕಾರ ಸರ್ವೇಯರ್ ವರದಿ ನೇಮಕವಾದ 15 ದಿನಗಳೊಳಗೆ ಬರಬೇಕು, ವರದಿ ಬಂದ 7 ದಿನಗಳೊಳಗೆ ಕಂಪನಿ ತೀರ್ಮಾನಿಸಬೇಕು. ಈ ಅವಧಿಗಳನ್ನು ಉಲ್ಲೇಖಿಸಿ, ಕೋಪದ ಒಂದು ಮಾತೂ ಇಲ್ಲದೆ, ಕಂಪನಿಯ ಕುಂದುಕೊರತೆ ಅಧಿಕಾರಿಗೆ ಪತ್ರ ಬರೆದೆ. ಉತ್ತರ ಬಾರದಿದ್ದರೆ ವಿಮಾ ಕಂಪನಿಗಳ ಮೇಲಿನ ದೂರುಗಳನ್ನು ಇತ್ಯರ್ಥಪಡಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಅವರಿಗೆ ದೂರು ಕೊಡಲು ಸಿದ್ಧನಾಗಿದ್ದೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಪತ್ರ ತಲುಪಿದ ಐದನೆಯ ದಿನ ಮಂಜೂರಾತಿ ಬಂತು. ಹಾರಿದ ಒಂಬತ್ತು, ಮಡಚಿದ ಮೂರು, ಪೈಪು, ಹೀಟರಿನ ಕೊಳವೆಗಳು ಎಲ್ಲವೂ ಲೆಕ್ಕಕ್ಕೆ ಬಂದಿದ್ದವು. ಹಳೆಯ ತಗಡಿನ ಗುಜರಿ ಬೆಲೆಯನ್ನು ಮಾತ್ರ ಕಳೆದಿದ್ದರು.

ಒಂದು ಹಾನಿಯನ್ನು ಮಾತ್ರ ನಾನೇ ಕೈಯಾರೆ ಬಿಟ್ಟುಕೊಟ್ಟೆ. ಈ ಪಾಲಿಸಿಯಲ್ಲಿ ಕಟ್ಟಡಕ್ಕೆ ವಿಮೆ ಇದ್ದರೆ ಮನೆಯ ಸಾಮಾನುಗಳಿಗೂ ಕಟ್ಟಡದ ವಿಮಾ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ರಕ್ಷಣೆ ತಾನಾಗಿಯೇ ಸೇರಿರುತ್ತದೆ. ಅದನ್ನು ಓದುವ ಹೊತ್ತಿಗೆ ನೆನೆದ ಗಾದಿಗಳನ್ನೂ, ಉಬ್ಬಿದ ಕಪಾಟನ್ನೂ ಫೋಟೋ ಕೂಡ ತೆಗೆಯದೆ ಹೊರಗೆ ಹಾಕಿಬಿಟ್ಟಿದ್ದೆ. ಕೆಟ್ಟುಹೋದ ಮಿಕ್ಸರು ಮನೆಯಲ್ಲೇ ಇದ್ದುದರಿಂದ ಅದಕ್ಕೆ ಮಾತ್ರ ಹಣ ಬಂತು.

ಹಣ ನೇರವಾಗಿ ನನ್ನ ಕೈಗೆ ಬರಲಿಲ್ಲ. ಸಾಲ ಇರುವವರೆಗೆ ಪಾಲಿಸಿಯಲ್ಲಿ ಬ್ಯಾಂಕಿನ ಹೆಸರೂ ಇರುತ್ತದೆಯಾದ್ದರಿಂದ ಮೊತ್ತ ಮೊದಲು ಬ್ಯಾಂಕಿಗೆ ಹೋಯಿತು. ಕಂತುಗಳು ಬಾಕಿ ಇಲ್ಲವೆಂದು ವ್ಯವಸ್ಥಾಪಕರು ನೋಡಿಕೊಂಡು, ದುರಸ್ತಿಯ ಬಿಲ್ಲುಗಳನ್ನೂ ಹೊಸ ಚಾವಣಿಯ ಫೋಟೋಗಳನ್ನೂ ಪಡೆದು, ನನ್ನ ಉಳಿತಾಯ ಖಾತೆಗೆ ವರ್ಗಾಯಿಸಿದರು. ಆ ಫೋಟೋಗಳ ಇನ್ನೊಂದು ಪ್ರತಿಯನ್ನು, ಪ್ರತಿ ಬೋಲ್ಟಿನ ತೂತೂ ಕಾಣುವಂತೆ, ಪಾಲಿಸಿಯ ಜೊತೆಗೇ ಇಟ್ಟಿದ್ದೇನೆ.