ಫ್ರಾಂಕ್‌ಫರ್ಟ್‌ನಿಂದ ರೈನ್ ಕಣಿವೆಗೆ: ಮನೆಮಂದಿಯ ಒಂದು ದಿನದ ಪ್ರವಾಸ ಯೋಜಿಸುವುದು ಹೇಗೆ?

ಫ್ರಾಂಕ್‌ಫರ್ಟ್‌ನಲ್ಲಿ ನೆಲೆಸಿರುವ ಮಗನ ಅಥವಾ ಮಗಳ ಮನೆಗೆ ಬರುವ ನಮ್ಮ ಹಿರಿಯರಿಗೆ ಮೊದಲ ವಾರ ಮೊಮ್ಮಕ್ಕಳೊಡನೆ ಕಳೆದುಹೋಗುತ್ತದೆ. ಎರಡನೆಯ ವಾರ ‘ಎಲ್ಲಿಗಾದರೂ ಹೋಗಿ ಬರೋಣ’ ಎಂಬ ಮಾತು ಬಂದೇ ಬರುತ್ತದೆ. ಪ್ಯಾರಿಸ್, ಸ್ವಿಟ್ಜರ್ಲೆಂಡ್ ಎಂದು ದೂರದ ಲೆಕ್ಕ ಹಾಕುವ ಮೊದಲು, ರೈಲಿನಲ್ಲಿ ಸುಮಾರು ಒಂದೂವರೆ ಗಂಟೆಯಲ್ಲಿ ಸಿಗುವ ಮಧ್ಯ ರೈನ್ ಕಣಿವೆಯನ್ನು ಆರಿಸಿಕೊಳ್ಳಿ ಎಂದು ನಾನು ಮನಸಾರೆ ಹೇಳುತ್ತೇನೆ. ಬಿಂಗೆನ್‌ನಿಂದ ಕೋಬ್ಲೆನ್ಸ್‌ವರೆಗೆ ಸುಮಾರು 65 ಕಿ.ಮೀ. ಉದ್ದಕ್ಕೆ ಚಾಚಿರುವ ಈ ಕಣಿವೆಯನ್ನು ಯುನೆಸ್ಕೊ 2002ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಮೊದಲ ಹೆಜ್ಜೆ, ಎಷ್ಟು ದೂರ ಹೋಗಬೇಕೆಂದು ತೀರ್ಮಾನಿಸುವುದು. 65 ಕಿ.ಮೀ.ಯನ್ನೂ ಒಂದೇ ದಿನದಲ್ಲಿ ನೋಡುವ ಆಸೆ ಬೇಡ. ಮನೆಮಂದಿಯಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರೋ ಅವರ ಶಕ್ತಿಗೆ ತಕ್ಕಂತೆ ದಿನವನ್ನು ಹೊಂದಿಸಬೇಕು. ಕೋಟೆಗಳು ಹೆಚ್ಚು ಒತ್ತೊತ್ತಾಗಿರುವ ಬಿಂಗೆನ್‌ನಿಂದ ಸಾಂಕ್ಟ್ ಗೋವಾರ್‌ವರೆಗಿನ 27 ಕಿ.ಮೀ. ಹಡಗುಯಾನ ಒಂದು ದಿನಕ್ಕೆ ಧಾರಾಳವಾಯಿತು.

ಎರಡನೆಯದು ದಿಕ್ಕು. ಹಡಗಿನಲ್ಲಿ ಹರಿವಿನ ಜೊತೆಗೆ ಹೋಗಿ, ರೈಲಿನಲ್ಲಿ ಮರಳಿ ಬನ್ನಿ. ಇದೇ ದಾರಿ ಹರಿವಿನ ಜೊತೆಗಾದರೆ ಸುಮಾರು ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಹರಿವಿಗೆ ಎದುರಾಗಿ ಹೊರಟರೆ ಎರಡೂವರೆ ಗಂಟೆಯೂ ಸಾಲುವುದಿಲ್ಲ, ಅಷ್ಟು ಹೊತ್ತಿಗೆ ಮಕ್ಕಳು ಬೇಸತ್ತಿರುತ್ತಾರೆ. ಯಾವ ದಡದಲ್ಲಿ ಇಳಿಯುತ್ತೀರಿ ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳಿ. ಮೈಂಟ್ಸ್ ದಾಟಿದ ಮೇಲೆ ಕೋಬ್ಲೆನ್ಸ್‌ವರೆಗೆ ನದಿಗೆ ಒಂದು ಸೇತುವೆಯೂ ಇಲ್ಲ. ಸಾಂಕ್ಟ್ ಗೋವಾರ್ ಎಡದಂಡೆಯ ಊರು, ಅದರ ಎದುರು ದಡದಲ್ಲಿರುವುದು ಸಾಂಕ್ಟ್ ಗೋವಾರ್ಸ್‌ಹೌಸೆನ್. ಹೆಸರು ಹೋಲುತ್ತದೆಂದು ಅಲ್ಲಿ ಇಳಿದುಬಿಟ್ಟರೆ ಈಚೆ ದಡಕ್ಕೆ ಬರಲು ಫೆರ್ರಿಗೆ ಕಾಯಬೇಕಾಗುತ್ತದೆ.

ದಿನ ಗೊತ್ತುಮಾಡುವಾಗ ಋತುವನ್ನು ನೋಡಿ. 1826ರಿಂದ ನದಿಯಲ್ಲಿರುವ ಕೆ.ಡಿ. ಸಂಸ್ಥೆಯ ನಿತ್ಯದ ಹಡಗುಗಳು ಮುಖ್ಯವಾಗಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಓಡುತ್ತವೆ. ನದಿಯ ನೀರೂ ಸದಾ ಒಂದೇ ಮಟ್ಟದಲ್ಲಿರುವುದಿಲ್ಲ: 2018ರ ಅಕ್ಟೋಬರ್‌ನಲ್ಲಿ ಕೌಬ್ ಊರಿನ ಮಾಪಕ 25 ಸೆಂ.ಮೀ.ಗೆ ಇಳಿದಿತ್ತು. ಆದ್ದರಿಂದ ಹೊರಡುವ ಹಿಂದಿನ ಸಂಜೆ ಹಡಗಿನ ವೇಳಾಪಟ್ಟಿಯನ್ನೂ, ಹಳಿ ದುರಸ್ತಿಗಾಗಿ ರೈಲು ನಿಂತಿದೆಯೇ ಎಂಬುದನ್ನೂ ಮತ್ತೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಈಗ ರೈಲಿನ ವಿಷಯ. ಫ್ರಾಂಕ್‌ಫರ್ಟ್‌ನಿಂದ ಮೈಂಟ್ಸ್‌ಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ ಬಿಂಗೆನ್ ತಲುಪಬಹುದು. ಬಿಂಗೆನ್‌ನಲ್ಲಿ ಎರಡು ನಿಲ್ದಾಣಗಳಿವೆ: ‘ಹೌಪ್ಟ್‌ಬಾನ್‌ಹೋಫ್’ ಮತ್ತು ‘ಶ್ಟಾಟ್’. ಹಡಗುಕಟ್ಟೆಗೆ ಹತ್ತಿರವಿರುವುದು ಶ್ಟಾಟ್. ಹೌಪ್ಟ್‌ಬಾನ್‌ಹೋಫ್ ಎಂದರೆ ಮುಖ್ಯ ನಿಲ್ದಾಣವಲ್ಲವೇ ಎಂದು ಮೊದಲ ಸಲ ನಾವು ಅಲ್ಲಿಯೇ ಇಳಿದು, ಮಂಡಿನೋವಿನ ನಮ್ಮ ಅತ್ತೆಯವರನ್ನು ಬಿಸಿಲಲ್ಲಿ ಅಷ್ಟು ದೂರ ನಡೆಸಿದೆವು. ಕಟ್ಟೆ ಕಣ್ಣಿಗೆ ಬೀಳುವಷ್ಟರಲ್ಲಿ ಹಡಗು ಹಗ್ಗ ಬಿಚ್ಚಿಯಾಗಿತ್ತು. ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಟಿಕೆಟ್ ವಿಷಯದಲ್ಲೂ ಅಷ್ಟೇ ಎಚ್ಚರ ಬೇಕು. ಅಲ್ಲಿ ನೆಲೆಸಿರುವವರ ಬಳಿ ತಿಂಗಳ ಡ್ಯೂಚ್‌ಲಾಂಡ್ ಟಿಕೆಟ್ ಇದ್ದರೆ ಪ್ರಾದೇಶಿಕ ರೈಲುಗಳಿಗೆ ಅದೇ ಸಾಕು, ಆದರೆ ಅತಿಥಿಗಳಿಗೆ ಬೇರೆ ಟಿಕೆಟ್ ಕೊಳ್ಳಬೇಕು. ಐದು ಜನರವರೆಗಿನ ಗುಂಪಿಗೆ ದಿನದ ಟಿಕೆಟ್‌ಗಳು ಸಿಗುತ್ತವೆ. ಫ್ರಾಂಕ್‌ಫರ್ಟ್ ಇರುವುದು ಹೆಸೆನ್ ರಾಜ್ಯದಲ್ಲಿ, ಬಿಂಗೆನ್ ಮತ್ತು ಸಾಂಕ್ಟ್ ಗೋವಾರ್ ಇರುವುದು ರೈನ್‌ಲಾಂಡ್-ಫಾಲ್ಟ್ಸ್‌ನಲ್ಲಿ; ನೀವು ಕೊಳ್ಳುವ ಟಿಕೆಟ್ ಎಲ್ಲಿಯವರೆಗೆ ನಡೆಯುತ್ತದೆ ಎಂದು ಕೇಳಿಯೇ ಹಣ ಕೊಡಿ. ಆರು ವರ್ಷದೊಳಗಿನ ಮಕ್ಕಳಿಗೆ ರೈಲಿನಲ್ಲಿ ಟಿಕೆಟ್ ಬೇಕಿಲ್ಲ.

ಬುತ್ತಿಗೆ ಪುಳಿಯೋಗರೆ ಅಥವಾ ಚಿತ್ರಾನ್ನ ಅನುಕೂಲ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆಯಾದ್ದರಿಂದ ಹಣ್ಣು, ನೀರು ಶನಿವಾರವೇ ತಂದಿಟ್ಟುಕೊಳ್ಳಿ. ಸಸ್ಯಾಹಾರಿಗಳು ಹೋಟೆಲಿನಲ್ಲಿ ಫ್ಲಾಮ್‌ಕೂಖೆನ್ ಎಂಬ ತೆಳುರೊಟ್ಟಿಯನ್ನು ಕೇಳುವುದಾದರೆ ‘ಓನೆ ಶ್ಪೆಕ್’, ಅಂದರೆ ಹಂದಿಮಾಂಸ ಬೇಡ, ಎಂದು ಸ್ಪಷ್ಟವಾಗಿ ಹೇಳಬೇಕು. ಶೌಚಾಲಯಕ್ಕೆಂದು ಒಂದಿಷ್ಟು ಚಿಲ್ಲರೆ ಜೇಬಿನಲ್ಲಿರಲಿ.

ಹಡಗಿನಲ್ಲಿ ಮುಂದಕ್ಕೆ ಮುಖ ಮಾಡಿದಾಗ ಬಲಗಡೆಗೆ ಬರುವ ಆಸನ ಹಿಡಿಯಿರಿ. ದಡದುದ್ದಕ್ಕೂ ಪ್ರತಿ ಕಿಲೋಮೀಟರಿಗೆ ಒಂದು ಬಿಳಿ ಫಲಕದ ಮೇಲೆ ದೊಡ್ಡ ಕಪ್ಪು ಅಂಕಿಗಳಿವೆ. ಕೊನ್‌ಸ್ಟಾನ್ಸ್ ಊರಿನ ಸೇತುವೆಯಿಂದ ಈ ಎಣಿಕೆ ಶುರುವಾಗುತ್ತದೆ. ಮಕ್ಕಳ ಕೈಗೆ ಪೆನ್ನು, ಕಾಗದ ಕೊಟ್ಟು ಯಾವ ಫಲಕದ ಹತ್ತಿರ ಯಾವ ಕೋಟೆ ಬಂತೆಂದು ಬರೆಸಿದರೆ ಫೋನ್ ನೆನಪಾಗುವುದಿಲ್ಲ. 546ರ ಆಸುಪಾಸಿನಲ್ಲಿ ನದಿಯ ನಡುವೆಯೇ ಬಂಡೆಯ ಮೇಲೆ ಕೂತಿರುವ ಬಿಳಿ ಗೋಡೆಯ ಫಾಲ್ಟ್ಸ್‌ಗ್ರಾಫನ್‌ಶ್ಟೈನ್ ಕಾಣುತ್ತದೆ. 1327ರ ಸುಮಾರಿಗೆ ಕಟ್ಟಲು ತೊಡಗಿದ್ದು. ಹಾದುಹೋಗುವ ಹಡಗುಗಳಿಂದ ಸುಂಕ ವಸೂಲಿ ಮಾಡುವುದೇ ಇದರ ಕೆಲಸವಾಗಿತ್ತು. ಇಷ್ಟು ಹೇಳಿದರೆ, ಈ ದಡದಲ್ಲಿ ಇಷ್ಟೊಂದು ಕೋಟೆಗಳು ಏಕೆ ಎಂದು ಮಕ್ಕಳೇ ಊಹಿಸುತ್ತಾರೆ. 554ರ ಬಳಿ ನದಿ ಕಿರಿದಾಗಿ ತಿರುಗುತ್ತದೆ. ಬಲಕ್ಕೆ ನೀರಿನಿಂದ 132 ಮೀಟರ್ ಮೇಲೆದ್ದ ಲೋರೆಲೈ ಬಂಡೆ. ಹೊಂಗೂದಲು ಬಾಚುತ್ತಾ ನಾವಿಕರ ಮನಸ್ಸು ಕೆಡಿಸುತ್ತಿದ್ದ ಹೆಣ್ಣಿನ ಕಥೆಯನ್ನು ಅಜ್ಜಿಯ ಬಾಯಿಂದ ಹೇಳಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಬಂಡೆಯ ನೆರಳು ಡೆಕ್ಕಿನ ಮೇಲೆ ಬಿದ್ದಾಗ ನಮ್ಮ ಅತ್ತೆಯವರು ಕಥೆ ನಿಲ್ಲಿಸಿ, ಸೆರಗು ಹೊದ್ದುಕೊಂಡು ಸುಮ್ಮನೆ ಮೇಲೆ ನೋಡುತ್ತಿದ್ದರು.

ಸಾಂಕ್ಟ್ ಗೋವಾರ್‌ನಲ್ಲಿ ಇಳಿದ ಮೇಲೆ ಎಲ್ಲರೂ ಒಟ್ಟಿಗೇ ಇರಬೇಕೆಂದಿಲ್ಲ. ನಡೆಯಬಲ್ಲವರು ರೈನ್‌ಫೆಲ್ಸ್ ಕೋಟೆ ಹತ್ತಿ ಬರಲಿ, ಅಷ್ಟು ಹೊತ್ತು ಹಿರಿಯರು ನದಿಯ ದಡದಲ್ಲಿ ಕೂತಿರಲಿ. ಮರಳುವಾಗ ಮೈಂಟ್ಸ್ ದಿಕ್ಕಿನ ಗಾಡಿಯನ್ನೇ ಹತ್ತಿ, ಎಡಗಡೆಯ ಕಿಟಕಿಯ ಬಳಿ ಕೂರಿ; ಒಬೆರ್‌ವೇಸೆಲ್ ದಾಟುತ್ತಿದ್ದಂತೆ ಬೆಳಿಗ್ಗೆ ಡೆಕ್ಕಿನಿಂದ ಕಂಡ ಆ ಬಿಳಿ ಕೋಟೆ ಈ ಬಾರಿ ದಡದ ಕಡೆಯಿಂದ ಮತ್ತೊಮ್ಮೆ ಕಾಣುತ್ತದೆ.